ಮಂಜಿಗೆ ಒಣಬಣ್ಣ

ಕೊಡಗಿಗೆ ಕಡಲತೀರವಿಲ್ಲ. ಆದರೂ ಇಲ್ಲಿನ ಬೆಳಕನ್ನು ರೂಪಿಸುವುದು ಅರಬ್ಬಿ ಸಮುದ್ರವೇ. ಜೂನ್ ಮೊದಲ ವಾರದ ಹೊತ್ತಿಗೆ ಪಡುವಣದಿಂದ ಏರಿ ಬರುವ ಮೋಡಗಳು ತಲಕಾವೇರಿ, ಭಾಗಮಂಡಲದ ಬೆಟ್ಟಗಳಿಗೆ ತಾಗಿ ಸುರಿದುಬಿಡುತ್ತವೆ. ಕುಶಾಲನಗರ ಮುಟ್ಟುವಷ್ಟರಲ್ಲಿ ಅವುಗಳ ಸೊಕ್ಕು ಅಡಗಿರುತ್ತದೆ. ಸುರಿದ ನೀರೂ ಎರಡು ದಾರಿ ಹಿಡಿಯುತ್ತದೆ. ಕಾವೇರಿ ಮೂಡಲಿಗೆ ಹರಿದು ಬಂಗಾಳಕೊಲ್ಲಿ ಸೇರಿದರೆ, ಬರಪೊಳೆ ಕೇರಳದ ವಳಪಟ್ಟಣಂ ನದಿಯಾಗಿ ಅರಬ್ಬಿ ಸಮುದ್ರಕ್ಕೇ ಮರಳುತ್ತದೆ. ಪುಷ್ಪಗಿರಿಯ ಕಡೆಯ ಕುಮಾರಧಾರಾ ಮಲ್ಲಳ್ಳಿಯಲ್ಲಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿಗೆ ಹೋಗುತ್ತದೆ.

ಇಷ್ಟೊಂದು ನೀರಿನ ನಾಡನ್ನು ಚಿತ್ರಿಸಲು ಜಲವರ್ಣವೇ ಸರಿ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಒಂದು ಹನಿ ನೀರನ್ನೂ ಬೇಡದ ಪೇಸ್ಟಲ್ ಈ ಮಂಜಿಗೆ ಹೆಚ್ಚು ಹತ್ತಿರದ್ದು.

ಪೇಸ್ಟಲ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಶಾಲಾ ಮಕ್ಕಳ ಚೀಲದಲ್ಲಿರುವ ಆಯಿಲ್ ಪೇಸ್ಟಲ್ ಡಬ್ಬಿ. ಅದರಲ್ಲಿ ಎಣ್ಣೆ, ಮೇಣ ಸೇರಿರುತ್ತವೆ. ಜಪಾನಿನಲ್ಲಿ 1920ರ ದಶಕದಲ್ಲಿ ಬಂದ ಸರಕು ಅದು. ಕಲಾವಿದರು ಬಳಸುವ ಸಾಫ್ಟ್ ಪೇಸ್ಟಲ್‌ನ ಜಾತಿಯೇ ಬೇರೆ. ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಬಿಳಿ ಪುಡಿ ಬೆರೆಸಿ, ತುಸುವೇ ಅಂಟು ಹಾಕಿ ಕಲಸಿ, ಕಡ್ಡಿಯಾಗಿ ಹೊಸೆದು ಒಣಗಿಸಿದರೆ ಮುಗಿಯಿತು. ಅಂಟು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಬಣ್ಣ ಗಾಢ. ತರಕಲು ಕಾಗದದ ಮೇಲೆ ಎಳೆದಾಗ ಪುಡಿ ಆ ಮೈಯ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆಯಿಲ್ಲದ ಕಾರಣ ವರ್ಷ ಕಳೆದಂತೆ ಚಿತ್ರ ಹಳದಿಗೆ ತಿರುಗುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ವೆನಿಸ್‌ನ ರೊಸಾಲ್ಬಾ ಕಾರಿಯೆರಾ ಬರೆದ ಪೇಸ್ಟಲ್ ಮುಖಗಳು ಇಂದಿಗೂ ಕಳೆಗುಂದಿಲ್ಲ.

ಮಂಜಿನ ವಿಷಯಕ್ಕೆ ಬರೋಣ. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಎಲ್ಲಿ ಮಂಜು ಬೇಕೋ ಅಲ್ಲಿ ಬಣ್ಣ ತಾಗಿಸದೆ ಉಳಿಸಿಕೊಳ್ಳಬೇಕು, ಮೊದಲೇ ಲೆಕ್ಕ ಹಾಕಿರಬೇಕು. ಪೇಸ್ಟಲ್‌ನಲ್ಲಿ ಕೆಲಸ ತಿರುವುಮುರುವು. ಬೂದು ಅಥವಾ ಕಂದು ಕಾಗದದ ಮೇಲೆ ಮೊದಲು ಕಡುಬಣ್ಣದ ಬೆಟ್ಟ, ಮರ, ಕಣಿವೆ ಎಲ್ಲವನ್ನೂ ನಿಲ್ಲಿಸಿ, ಕೊನೆಗೆ ತೆಳುಬಣ್ಣದ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಮೇಲೊಂದು ಪದರ ಸವರುತ್ತಾರೆ. ಕೆಳಗಿನ ಬೆಟ್ಟ ಪೂರ್ತಿ ಅಳಿಯದೆ ಅಲ್ಲಲ್ಲಿ ಇಣುಕುತ್ತದೆ. ಮಡಿಕೇರಿಯ ರಾಜಾಸೀಟ್‌ನಲ್ಲಿ ಬೆಳಗ್ಗೆ ನಡೆಯುವುದೂ ಇದೇ: ಬೆಟ್ಟ ಮೊದಲಿಂದಲೂ ಅಲ್ಲೇ ಇರುತ್ತದೆ, ಮಂಜು ಆಮೇಲೆ ಬಂದು ಕೂರುತ್ತದೆ.

ಮಂಜಿನ ಬೆಟ್ಟಗಳನ್ನು ಜಲವರ್ಣದಲ್ಲಿ ಅದ್ಭುತವಾಗಿ ಬರೆದ ಕನ್ನಡ ನಾಡಿನ ಕಲಾವಿದ ಕೆ. ವೆಂಕಟಪ್ಪ. ಅವರ ಊಟಿ ಮತ್ತು ಕೊಡೈಕೆನಾಲ್ ಚಿತ್ರಗಳನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋದವರು ಮರೆಯಲಾರರು. ಕಲ್ಕತ್ತೆಯಲ್ಲಿ ಅವರಿಗೆ ಗುರುವಾಗಿದ್ದವರು ಅವನೀಂದ್ರನಾಥ ಟ್ಯಾಗೋರ್. ಆ ಗುರು ಮಾತ್ರ ಎಳೆಯ ವಯಸ್ಸಿನಲ್ಲಿ ಗಿಲಾರ್ಡಿ ಎಂಬ ಇಟಲಿಯ ಶಿಕ್ಷಕನಿಂದ ಪೇಸ್ಟಲ್ ಕಲಿತವರು. ಆ ಮಾಧ್ಯಮದಲ್ಲಿ ಸೊಗಸಾದ ಮುಖಚಿತ್ರಗಳನ್ನೂ ಬರೆದವರು. ವೆಂಕಟಪ್ಪನವರ ಕೈಯಲ್ಲಿ ನೀಲಗಿರಿ ಜಲವರ್ಣವಾಯಿತು. ಅವರು ಕುಂಚ ಕೆಳಗಿಟ್ಟು ಪೇಸ್ಟಲ್ ಕಡ್ಡಿ ಹಿಡಿದಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲ ಉಳಿದೇ ಇದೆ.

ಕಡಲು, ಆಕಾಶಗಳನ್ನು ಪೇಸ್ಟಲ್‌ಗೆ ಒಗ್ಗಿಸಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಯುಜೀನ್ ಬೂದೆನ್. ನಾರ್ಮಂಡಿಯ ಒನ್‌ಫ್ಲರ್ ಬಂದರಿನವನು. ಮೋಡಗಳ ಸಣ್ಣ ಸಣ್ಣ ಚಿತ್ರ ಬರೆದು ಅಂಚಿನಲ್ಲಿ ದಿನಾಂಕ, ಗಂಟೆ, ಗಾಳಿಯ ದಿಕ್ಕು ಗುರುತು ಹಾಕುತ್ತಿದ್ದ. 1859ರಲ್ಲಿ ಅವುಗಳನ್ನು ನೋಡಿದ ಕವಿ ಬೋದಿಲೇರ್ ಬೆರಗಾಗಿ ಬರೆದ. ಅದಾಗಿ ಹತ್ತು ವರ್ಷಕ್ಕೆ ಎಡ್ಗರ್ ಡೆಗಾ ಅದೇ ಕರಾವಳಿಯ ದೃಶ್ಯಗಳನ್ನು ಪೇಸ್ಟಲ್‌ನಲ್ಲಿ ಸಾಲಾಗಿ ಬರೆದ. ನರ್ತಕಿಯರ ಚಿತ್ರಕಾರನೆಂದೇ ಹೆಸರಾದ ಡೆಗಾನಿಗೆ ಬಯಲಲ್ಲಿ ಕುಳಿತು ಬರೆಯುವವರನ್ನು ಕಂಡರಾಗದು. ಹಾಗಾಗಿ ಅವನ ಕಡಲಿನಲ್ಲಿ ಬಹುಪಾಲು ಕೋಣೆಯೊಳಗೆ ನೆನಪಿನಿಂದ ಬಂದದ್ದು ಎನ್ನುತ್ತಾರೆ. ಇನ್ನು ಫ್ರಾನ್ಸಿನವನೇ ಆದ ಚಿತ್ರಕಾರ ಕ್ಲೋದ್ ಮೊನೆ: 1901ರ ಜನವರಿಯಲ್ಲಿ ಲಂಡನ್‌ಗೆ ಬಂದಾಗ ಅವನ ಕ್ಯಾನ್ವಾಸ್‌ಗಳ ಪೆಟ್ಟಿಗೆ ತಲುಪುವುದು ತಡವಾಯಿತು. ಸುಮ್ಮನೆ ಕೂರಲಾರದೆ ಥೇಮ್ಸ್ ನದಿಯ ಸೇತುವೆಗಳನ್ನೂ ಮುಸುಕಿದ ಮಂಜನ್ನೂ ಪೇಸ್ಟಲ್‌ನಲ್ಲಿ ಹಿಡಿದ.

ಬೂದೆನ್‌ನ ಆ ಗುರುತು ಹಾಕುವ ಅಭ್ಯಾಸ ಕೊಡಗಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಬಣ್ಣ ಗಂಟೆಗೊಮ್ಮೆ ಬದಲಾಗುತ್ತದೆ, ತಿಂಗಳಿಗೊಮ್ಮೆಯಂತೂ ಪೂರ್ತಿ ಬೇರೆಯಾಗುತ್ತದೆ. ಪ್ರವಾಸಿ ಪೋಸ್ಟರುಗಳು ಜಿಲ್ಲೆಗೆಲ್ಲ ಒಂದೇ ಹಸಿರು ಬಳಿದಿಟ್ಟಿವೆ. ಕಣ್ಣಿಟ್ಟು ನೋಡಿದವರಿಗೆ ಅದು ಸುಳ್ಳೆಂದು ಗೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಕಳೆದರೆ ಕಾಫಿ ತೋಟ ಬೆಳ್ಳಗಾಗುತ್ತದೆ. ನಾಟಿಗೆ ಮುಂಚಿನ ಗದ್ದೆ ಕೆಸರು ತುಂಬಿಕೊಂಡು ಆಕಾಶವನ್ನೇ ತೋರಿಸುತ್ತದೆ. ಸಿಲ್ವರ್ ಓಕ್ ಕಾಂಡ ಬೂದು. ದೇವರಕಾಡಿನ ಒಳಗು ಹಾಡುಹಗಲಲ್ಲೂ ಕಪ್ಪು. 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳ ಕೆಂಪು ಗಾಯವನ್ನು ಯಾವ ಹಸಿರು ಕಡ್ಡಿಯೂ ಮುಚ್ಚಲಾರದು. ರಾಜಾಸೀಟ್‌ನಿಂದ ಪಶ್ಚಿಮಕ್ಕೆ ನೋಡಿದರೆ ಹತ್ತಿರದ ಬೆಟ್ಟ ಹಸಿರು, ಅದರಾಚೆಯದು ನೀಲಿ, ಮತ್ತೂ ಆಚೆಯದು ಬೂದು. ಮೋಡ ಕವಿದ ಸಂಜೆ ನಡುವಿನ ಸಾಲು, ಕೊಡವರು ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನಿಂದ ಮಾಡುವ ಪಾಯಸದ ನೇರಳೆಗೆ ತಿರುಗುತ್ತದೆ. ಕಟ್ಟಕಡೆಯ ಗೆರೆ ಬೆಟ್ಟವೋ ಆಕಾಶವೋ ಕಡಲಿನ ಆವಿಯೋ ತಿಳಿಯುವುದಿಲ್ಲ. ಡೆಗಾನ ಕಡಲಿನಲ್ಲೂ ನೀರು, ಮರಳು, ಬಾನುಗಳ ನಡುವೆ ಇಂಥದೇ ಗೊಂದಲವಿದೆ.

ಹಾಗೆಂದು ಎಲ್ಲವೂ ಅನುಕೂಲವೇ ಎನ್ನುವಂತಿಲ್ಲ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮುಗಳಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಪೇಸ್ಟಲ್ ಚಿತ್ರ ಉಳಿಸಿಕೊಳ್ಳುವುದು ಚಾಕರಿಯೇ ಸರಿ. ತೇವಕ್ಕೆ ಕಾಗದ ಉಬ್ಬುತ್ತದೆ, ಪುಡಿಯ ಮೇಲೆ ಬೂಷ್ಟಿನ ಚುಕ್ಕೆಗಳು ಏಳುತ್ತವೆ. ಬಣ್ಣ ಉದುರದಂತೆ ಫಿಕ್ಸೆಟಿವ್ ಸಿಂಪಡಿಸಬಹುದು. ಆದರೆ ಅದು ತೆಳುಬಣ್ಣಗಳನ್ನು ಮಂಕಾಗಿಸುತ್ತದೆಂದು ಹಲವರು ಮುಟ್ಟುವುದೇ ಇಲ್ಲ. ಗಾಜು ಹಾಕಲೇಬೇಕು, ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಇಟ್ಟು ಸಂದು ಬಿಡಬೇಕು. ಇಲ್ಲವಾದರೆ ಪುಡಿಯೆಲ್ಲ ಗಾಜಿಗೆ ಅಂಟುತ್ತದೆ. ಪೇಸ್ಟಲ್ ಹಿಡಿದು ಹೊರಗೆ ಕೂರಲು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳು ಒಳ್ಳೆಯವು. ಜೂನ್ ಬಂದ ಮೇಲೆ ಡೆಗಾನ ಹಾಗೆ ಒಳಗೆ ಕೂತು ಬರೆಯುವುದೇ ವಾಸಿ. ಮುಗಿದ ಚಿತ್ರವನ್ನು ಮಳೆಯ ಎರಚಲು ಬಡಿಯುವ ಪಡುವಣ ಗೋಡೆಯನ್ನು ಬಿಟ್ಟು ಮನೆಯ ಒಳಗೋಡೆಗೆ ತೂಗುಹಾಕಬೇಕು.