ರೋಗಿಗಳನ್ನು ಎತ್ತುವ ಆರೈಕೆದಾರರ ಗಾಯಗಳ ತಡೆ

ನಡೆಯಲಾಗದ ರೋಗಿಯನ್ನು ಎತ್ತುವಾಗ, ಹೊರಳಿಸುವಾಗ ಅಥವಾ ಸ್ಥಳಾಂತರಿಸುವಾಗ ಆರೈಕೆದಾರರ ಬೆನ್ನು, ಭುಜ ಮತ್ತು ಕುತ್ತಿಗೆಗೆ ಆಗುವ ಹಾನಿಯನ್ನು ಹಲವು ಸರಳ ಕ್ರಮಗಳಿಂದ ತಡೆಯಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಲ್ಲಿ ಕಂಡುಬರುವ ಹಂದಿಗೋಡು ಕಾಯಿಲೆಯ ಕಾರಣದಿಂದ ಈ ಪ್ರದೇಶದಲ್ಲಿ ವಿಷಯಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಹಂದಿಗೋಡು ಕಾಯಿಲೆಯು ಮೂಳೆ ಮತ್ತು ಕೀಲುಗಳ ಆನುವಂಶಿಕ ರೋಗವಾಗಿದೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ ಇದನ್ನು 1970ರ ದಶಕದಲ್ಲಿ ಮೊದಲು ಗುರುತಿಸಲಾಯಿತು. ಮುಖ್ಯವಾಗಿ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳಲ್ಲಿ ಕಾಣಿಸಿಕೊಳ್ಳುವ ಈ ರೋಗದಲ್ಲಿ ಸೊಂಟದ ಕೀಲುಗಳು ಸವೆದು ನಡಿಗೆ ಕಷ್ಟವಾಗುತ್ತದೆ. ಕೆಲವರಲ್ಲಿ ಕುಬ್ಜತೆಯೂ ಇರುತ್ತದೆ. ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ರೋಗವಾದ್ದರಿಂದ ಒಂದೇ ಮನೆಯಲ್ಲಿ ಹಲವರು ಬಾಧಿತರಾಗಿರುವುದುಂಟು. ಹೀಗಾಗಿ ಆರೈಕೆ ಮಾಡುವವರ ಕೀಲುಗಳೂ ದುರ್ಬಲವಾಗಿರುವ ಸಾಧ್ಯತೆಯಿದೆ. ಕೂಲಿಯನ್ನೇ ಅವಲಂಬಿಸಿದ ಕುಟುಂಬದಲ್ಲಿ ಆರೈಕೆದಾರರ ಬೆನ್ನಿಗೆ ಪೆಟ್ಟಾದರೆ ಆರೈಕೆಯೊಂದಿಗೆ ಆದಾಯವೂ ನಿಲ್ಲುತ್ತದೆ.

ಗಾಯದ ಕಾರಣಗಳು

ಮೂಟೆಯಂತೆ ಮನುಷ್ಯನ ದೇಹಕ್ಕೆ ಹಿಡಿಕೆಯಾಗಲಿ ಸಮತೂಕವಾಗಲಿ ಇರುವುದಿಲ್ಲ. ನೋವಿನಿಂದ ರೋಗಿಯು ಹಠಾತ್ತನೆ ಮಿಸುಕಬಹುದು. ನೆಲದ ಮೇಲಿನ ಹಾಸಿಗೆಯಿಂದ ಬಾಗಿ, ಸೊಂಟ ತಿರುಚಿ ಎತ್ತಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಅತ್ಯುತ್ತಮ ಸ್ಥಿತಿಯಲ್ಲೂ ಎತ್ತಬಹುದಾದ ಭಾರದ ಮಿತಿ 23 ಕಿಲೋಗ್ರಾಂ. ರೋಗಿಗಳನ್ನು ಎತ್ತುವ ಕೆಲಸಕ್ಕೆ 2007ರಲ್ಲಿ ಸೂಚಿಸಲಾದ ಮಿತಿ ಸುಮಾರು 16 ಕಿಲೋಗ್ರಾಂ. ಆದ್ದರಿಂದ ವಯಸ್ಕ ರೋಗಿಯನ್ನು ಒಬ್ಬರೇ ಪೂರ್ತಿಯಾಗಿ ಎತ್ತುವುದು ಸುರಕ್ಷಿತವಲ್ಲ.

ತಡೆಗಟ್ಟುವ ಕ್ರಮಗಳು

* ಮಂಚವನ್ನು ಆರೈಕೆದಾರರ ಸೊಂಟದ ಎತ್ತರಕ್ಕೆ ಹೊಂದಿಸುವುದು. ರೋಗಿಯೇ ಇಳಿಯುವಂತಿದ್ದರೆ ಅವರ ಕಾಲು ನೆಲ ಮುಟ್ಟುವಷ್ಟು ತಗ್ಗಿಸುವುದು.
* ರೋಗಿಯ ಕೆಳಗೆ ಮಡಚಿದ ಗಟ್ಟಿ ಬಟ್ಟೆ ಹಾಸಿ, ಇಬ್ಬರು ಎರಡು ಬದಿಯಿಂದ ಹಿಡಿದು ಎತ್ತುವ ಬದಲು ಜಾರಿಸುವುದು.
* ಪಾದಗಳನ್ನು ಅಗಲಿಸಿ, ಮಂಡಿ ಬಾಗಿಸಿ, ರೋಗಿಯನ್ನು ಮೈಗೆ ಹತ್ತಿರ ಹಿಡಿಯುವುದು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ಸರಿಸುವುದು.
* ಕಂಕುಳು ಅಥವಾ ಕಾಲು ಹಿಡಿದು ಎಳೆಯದಿರುವುದು. ಇದರಿಂದ ರೋಗಿಯ ಭುಜ ಮತ್ತು ಸವೆದ ಸೊಂಟದ ಕೀಲಿಗೆ ಹಾನಿಯಾಗುತ್ತದೆ.
* ಮುಂಚಿತವಾಗಿ ತಿಳಿಸಿ, ಎಣಿಕೆ ಹೇಳಿ, ರೋಗಿಗೆ ಸಾಧ್ಯವಿರುವಷ್ಟು ಚಲನೆಯನ್ನು ಅವರಿಂದಲೇ ಮಾಡಿಸುವುದು.
* ರೋಗಿಯು ಬೀಳುವಾಗ ತಡೆದು ಎತ್ತಲು ಯತ್ನಿಸದೆ, ತಲೆಗೆ ಪೆಟ್ಟಾಗದಂತೆ ಮೆಲ್ಲನೆ ನೆಲಕ್ಕಿಳಿಸುವುದು.

ಸರಿಯಾದ ಭಂಗಿಯೊಂದರಿಂದಲೇ ಗಾಯಗಳನ್ನು ಪೂರ್ಣವಾಗಿ ತಡೆಯಲಾಗದು. ಗಾಲಿಕುರ್ಚಿ, ಜಾರು ಹಲಗೆ, ಕಮೋಡ್ ಕುರ್ಚಿ ಮತ್ತು ಗೋಡೆಯ ಹಿಡಿಕೆಗಳು ಎತ್ತುವ ಅಗತ್ಯವನ್ನೇ ಕಡಿಮೆ ಮಾಡುತ್ತವೆ.

ಕಾನೂನಿನ ನೆರವು

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಚಲನವೈಕಲ್ಯ ಮತ್ತು ಕುಬ್ಜತೆ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆಯೆಂದು ಪ್ರಮಾಣೀಕರಿಸಲ್ಪಟ್ಟವರು, ಹೆಚ್ಚಿನ ಬೆಂಬಲದ ಅಗತ್ಯವಿದ್ದಲ್ಲಿ, ಅದಕ್ಕಾಗಿ ಅರ್ಜಿ ಸಲ್ಲಿಸಲು ಈ ಕಾಯಿದೆ ಅವಕಾಶ ನೀಡುತ್ತದೆ.