ಸಿಂಪರಣೆ ಎಷ್ಟು ಅಗಲ? ಫೋಟೋ ತೆಗೆದು ಅಳೆಯಿರಿ

ಕಳೆನಾಶಕದ ಡಬ್ಬಿಯಲ್ಲಿ ಎಕರೆಗೆ ಇಷ್ಟು ಅಂತ ಬರೆದಿರುತ್ತದೆ. ನಾವು ಹಾಕುವುದು ಟ್ಯಾಂಕಿಗೆ ಇಷ್ಟು ಅಂತ. ಎಕರೆಗೆ ಎಷ್ಟು ಟ್ಯಾಂಕು ಹಿಡಿಯುತ್ತದೆಂದು ತಿಳಿಯದಿದ್ದರೆ ಎರಡಕ್ಕೂ ತಾಳೆಯಾಗದು. ಮದ್ದು ಕಡಿಮೆಯಾದರೆ ಕಳೆ ಸಾಯದು. ಹೆಚ್ಚಾದರೆ ದುಡ್ಡು ದಂಡ, ಬೆಳೆಗೂ ಪೆಟ್ಟು.

ಲೆಕ್ಕಕ್ಕೆ ಮೂರು ಅಳತೆ ಬೇಕು. ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತದೆ, ನಾವು ನಿಮಿಷಕ್ಕೆ ಎಷ್ಟು ಮೀಟರ್ ನಡೆಯುತ್ತೇವೆ, ಸಿಂಪರಣೆ ಎಷ್ಟು ಅಗಲಕ್ಕೆ ಬೀಳುತ್ತದೆ. ಮೊದಲೆರಡಕ್ಕೆ ಬಕೆಟ್, ಟೇಪು, ಗಡಿಯಾರ ಸಾಕು. ತೊಡಕು ಮೂರನೆಯದರಲ್ಲಿ. ಟೇಪು ಬಿಚ್ಚುವಷ್ಟರಲ್ಲಿ ಅಂಗಳದ ಒದ್ದೆ ಅಂಚಿನಿಂದಲೇ ಆರತೊಡಗುತ್ತದೆ. ಇಲ್ಲಿ ಜೇಬಿನ ಮೊಬೈಲು ಉಪಕಾರಕ್ಕೆ ಬರುತ್ತದೆ.

ಮಾಡುವುದು ಹೀಗೆ

ಗಾಳಿಯಿಲ್ಲದ ಹೊತ್ತು ನೋಡಿ. ಟ್ಯಾಂಕಿಗೆ ಬರೀ ನೀರು ತುಂಬಿ. ಗದ್ದೆಯಲ್ಲಿ ಹಿಡಿಯುವಷ್ಟೇ ಎತ್ತರಕ್ಕೆ ನಾಝಲ್ ಹಿಡಿದು, ಒಣ ಸಿಮೆಂಟ್ ಅಂಗಳದಲ್ಲಿ ಮಾಮೂಲಿ ನಡಿಗೆಯಲ್ಲಿ ಒಂದು ಸಾಲು ಬಿಡಿ. ಸರಿಯಾಗಿ 1 ಮೀಟರ್ ಉದ್ದದ ಬಿದಿರಿನ ಸಲಾಕೆಯನ್ನು ಒದ್ದೆ ಪಟ್ಟಿಗೆ ಅಡ್ಡಲಾಗಿ ನೆಲಕ್ಕೇ ಇಡಿ. ಸ್ಟೂಲು ಹತ್ತಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ.

ಆಮೇಲೆ ನೆರಳಲ್ಲಿ ಕೂತು, ಮಕ್ಕಳ ಸ್ಕೇಲನ್ನು ಮೊಬೈಲ್ ಪರದೆ ಮೇಲಿಟ್ಟು ಅಳೆಯಿರಿ. ಸಲಾಕೆ 5 ಸೆಂಟಿಮೀಟರ್, ಪಟ್ಟಿ 6 ಸೆಂಟಿಮೀಟರ್ ಕಂಡರೆ, 6 ಭಾಗಿಸು 5. ಅಂದರೆ ಪಟ್ಟಿಯ ಅಗಲ 1.2 ಮೀಟರ್. ಚಿತ್ರ ದೊಡ್ಡದು ಮಾಡಿ ನೋಡಿದರೂ ತೊಂದರೆಯಿಲ್ಲ, ಎರಡೂ ಒಟ್ಟಿಗೇ ಹಿಗ್ಗುತ್ತವೆ. ಅಂಚಿನ ಚದುರಿದ ಹನಿಗಳನ್ನು ಬಿಟ್ಟು, ಸಮನಾಗಿ ಒದ್ದೆಯಾದಷ್ಟನ್ನೇ ಅಳೆಯಿರಿ.

ಅಳತೆ ತಪ್ಪುವುದು ಎಲ್ಲಿ?

ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ್ದು ಹಿರಿದಾಗಿ, ದೂರದ್ದು ಕಿರಿದಾಗಿ ಕಾಣುತ್ತದೆ. ಸಲಾಕೆಯನ್ನು ಕಲ್ಲಿನ ಮೇಲಿಟ್ಟರೂ ಅಷ್ಟೆ. ಮೊಬೈಲು 2 ಮೀಟರ್ ಎತ್ತರದಲ್ಲಿದ್ದು, ಸಲಾಕೆ ನೆಲದಿಂದ 20 ಸೆಂಟಿಮೀಟರ್ ಮೇಲಿದ್ದರೆ, 1.2 ಮೀಟರ್ ಪಟ್ಟಿ 1.08 ಎಂದು ಸಿಕ್ಕೀತು. ತುಂಬ ಅಗಲ ತೋರಿಸುವ ಲೆನ್ಸ್ ಬೇಡ. ಅದು ಅಂಚಿನ ಗೆರೆಗಳನ್ನು ಬಗ್ಗಿಸುತ್ತದೆ. ಪಟ್ಟಿ, ಸಲಾಕೆ ಎರಡೂ ಚಿತ್ರದ ನಡುವೆ ಇರಲಿ.

ಇನ್ನು ಲೆಕ್ಕ

ಪಂಪು ನಿಮಿಷಕ್ಕೆ 1.8 ಲೀಟರ್ ಬಿಡುತ್ತದೆ, ನಡಿಗೆ ನಿಮಿಷಕ್ಕೆ 40 ಮೀಟರ್, ಅಗಲ 1.2 ಮೀಟರ್ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 48 ಚದರ ಮೀಟರ್ ಮುಗಿಯಿತು. ಎಕರೆಯೆಂದರೆ 4,047 ಚದರ ಮೀಟರ್. ಸುಮಾರು 84 ನಿಮಿಷ, 152 ಲೀಟರ್ ನೀರು. 16 ಲೀಟರಿನ ಟ್ಯಾಂಕಾದರೆ ಒಂಬತ್ತೂವರೆ. ಎಕರೆಯ ಮದ್ದನ್ನು ಒಂಬತ್ತೂವರೆಯಿಂದ ಭಾಗಿಸಿ ಟ್ಯಾಂಕಿಗೆ ಹಾಕಿ. ಗದ್ದೆಯಲ್ಲಿ ಸಾಲಿನಿಂದ ಸಾಲಿಗೆ ಅದೇ 1.2 ಮೀಟರ್ ಬಿಟ್ಟು ನಡೆಯಿರಿ.

ಇದೇ ಅಗಲವನ್ನು ಕಣ್ಣಂದಾಜಿನಲ್ಲಿ 1 ಮೀಟರ್ ಎಂದುಕೊಂಡರೆ ಲೆಕ್ಕಕ್ಕೆ ಹನ್ನೊಂದಕ್ಕೂ ಹೆಚ್ಚು ಟ್ಯಾಂಕು ಬರುತ್ತದೆ. ಹಾಗೆ ಹಂಚಿದ ಮದ್ದನ್ನು 1.2 ಮೀಟರ್ ಸಾಲಿನಲ್ಲಿ ಬಿಟ್ಟರೆ ಗದ್ದೆಗೆ ಆರನೇ ಒಂದು ಪಾಲು ಕಡಿಮೆ ಬಿತ್ತು. ಒಂದು ಗೇಣಿಗೂ ಕಮ್ಮಿ ವ್ಯತ್ಯಾಸಕ್ಕೆ ಇಷ್ಟು!

ಫೋಟೋ ಅಳಿಸಬೇಡಿ

ಹೊಸ ನಾಝಲಿನ ಫೋಟೋ, ನಿಮಿಷಕ್ಕೆ ಬಿಟ್ಟ ನೀರಿನ ಲೆಕ್ಕ, ಎರಡೂ ಜೋಪಾನವಾಗಿರಲಿ. ಮುಂದಿನ ವರ್ಷ ಹೋಲಿಸಿ. ಪಟ್ಟಿಯಲ್ಲಿ ಒಣ ಗೆರೆ ಕಂಡರೆ ನಾಝಲ್ ಕಟ್ಟಿದೆ ಅಥವಾ ಸವೆದಿದೆ. ತೊಳೆದು ನೋಡಿ. ಹೊಸದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ನೀರು ಬಿಡುತ್ತಿದ್ದರೆ ಬದಲಾಯಿಸುವುದೇ ಲೇಸು.

ನಾಟಿ ಯಂತ್ರ ಬುಡದಿಂದ ಬುಡಕ್ಕೆ ಎಷ್ಟು ಅಂತರ ಬಿಡುತ್ತಿದೆ ಎಂಬುದನ್ನೂ ಇದೇ ಸಲಾಕೆ ಇಟ್ಟು ಅಳೆಯಬಹುದು. ಖರ್ಚೆಂದರೆ ಒಂದು ಬಿದಿರು ಸಲಾಕೆ, ಅರ್ಧ ಗಂಟೆ ಹೊತ್ತು.