ಅಗುಳಿಯಿಲ್ಲದ ಬಾಗಿಲು

ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1775ರಲ್ಲಿ ಕಟ್ಟಿದ, ಎತ್ತರದ ಗೋಪುರವಿರುವ ಬಿಳಿಯ ಪ್ರಾರ್ಥನಾಮಂದಿರವೊಂದಿದೆ. ಆ ದೇಶದ ಮೊದಲ ಬ್ಯಾಪ್ಟಿಸ್ಟ್ ಸಭೆಯ ಮನೆ ಅದು. ಆ ಸಭೆಯನ್ನು 1638ರಲ್ಲಿ ಕೂಡಿಸಿದವನು ರೋಜರ್ ವಿಲಿಯಮ್ಸ್. ದೇವರ ವಿಷಯದಲ್ಲಿ ಜನರನ್ನು ದಂಡಿಸುವ ಹಕ್ಕು ಸರ್ಕಾರಕ್ಕಿಲ್ಲ, ರಾಜನ ಸನದಿದೆಯೆಂದು ಮೂಲನಿವಾಸಿಗಳ ನೆಲ ತಮ್ಮದಾಗುವುದಿಲ್ಲ ಎಂದು ವಾದಿಸಿದ ಅವನನ್ನು ಮ್ಯಾಸಚೂಸೆಟ್ಸ್ ವಸಾಹತು 1635ರಲ್ಲಿ ಗಡೀಪಾರು ಮಾಡಿತು. ನಡುಚಳಿಗಾಲದಲ್ಲಿ ಕಾಡು ಸೇರಿದವನಿಗೆ ಆಸರೆಯಾದವರು ಆ ಮೂಲನಿವಾಸಿಗಳೇ. ನ್ಯಾರಗ್ಯಾನ್ಸೆಟ್ ಜನರಿಂದ ಪಡೆದ ನೆಲದಲ್ಲಿ 1636ರಲ್ಲಿ ಅವನು ಪ್ರಾವಿಡೆನ್ಸ್ ಊರನ್ನು ನೆಲೆಗೊಳಿಸಿದ. 1643ರಲ್ಲಿ ಅವರ ನುಡಿಯನ್ನು ಕುರಿತೇ ಪುಸ್ತಕ ಬರೆದ. ಮರುವರ್ಷ ಪ್ರಕಟಿಸಿದ ಇನ್ನೊಂದು ಪುಸ್ತಕದಲ್ಲಿ ಯಹೂದಿಗಳು, ಮುಸಲ್ಮಾನರು, ಯಾವ ದೇವರನ್ನು ಪೂಜಿಸುವವರೇ ಆಗಲಿ, ಎಲ್ಲರ ಅಂತಃಸಾಕ್ಷಿಗೂ ಸ್ವಾತಂತ್ರ್ಯ ಕೇಳಿದ. ಆದರೆ ತಾನು ಕೂಡಿಸಿದ ಸಭೆಯಲ್ಲಿ ಅವನು ಉಳಿದದ್ದು ಕೆಲವೇ ತಿಂಗಳು. ನಿಜವಾದ ಸಭೆ ಇದೇ ಎಂಬ ನಂಬಿಕೆ ಬಾರದೆ ಹೊರನಡೆದ. ಇಂದು ‘ಅಮೆರಿಕನ್ ಬ್ಯಾಪ್ಟಿಸ್ಟ್ ಚರ್ಚಸ್ ಯುಎಸ್‌ಎ’ ಎನಿಸಿಕೊಂಡಿರುವ ಪಂಗಡದ ಸ್ವಭಾವವೆಲ್ಲ ಆ ನಿರ್ಗಮನದಲ್ಲಿದೆ. ಬರುವವರನ್ನು ಒತ್ತಾಯಿಸದ ಮನೆ ಹೋಗುವವರನ್ನೂ ತಡೆಯಲಾರದು.

ಇಲ್ಲಿ ಹಸುಳೆಗಳಿಗೆ ದೀಕ್ಷಾಸ್ನಾನವಿಲ್ಲ. ತಿಳಿದು ನಂಬಿದವರು ನೀರಿನಲ್ಲಿ ಮುಳುಗಿ ಏಳಬೇಕು. ಬಿಷಪ್ಪರಿಲ್ಲ, ಸಭಾಪಾಲಕರನ್ನು ಆಯಾ ಸಭೆಯೇ ಆರಿಸಿಕೊಳ್ಳುತ್ತದೆ. ಇಂಥ ಬಿಡಿ ಸಭೆಗಳು ದೇಶಮಟ್ಟದಲ್ಲಿ ಒಂದುಗೂಡಲು ನೆಪವಾದದ್ದು ಭಾರತದ ಒಂದು ಘಟನೆ. 1812ರಲ್ಲಿ ಕಲ್ಕತ್ತಕ್ಕೆ ಬಂದ ಅಮೆರಿಕದ ಮಿಷನರಿಗಳಾದ ಜಡ್ಸನ್ ದಂಪತಿ ಶ್ರೀರಾಂಪುರದ ಬ್ಯಾಪ್ಟಿಸ್ಟರ ಕೈಯಲ್ಲಿ ದೀಕ್ಷಾಸ್ನಾನ ಪಡೆದರು. ಜಡ್ಸನ್ನರ ಕೆಲಸಕ್ಕೆ ನೆರವಾಗಲು 1814ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು.

ಅಂತಃಸಾಕ್ಷಿ ಸ್ವತಂತ್ರವೆಂದರೆ ಗುಲಾಮರ ಒಡೆಯನೂ ಅದರ ಮರೆಯಲ್ಲಿ ನಿಲ್ಲಬಹುದಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ಮೂವತ್ತು ವರ್ಷ ಆ ಸಂಘ ಆ ಪ್ರಶ್ನೆಯನ್ನು ಮುಟ್ಟದೆ ಉಳಿಯಲು ನೋಡಿತು, ಅದು ತಪ್ಪೇ. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಗಳಾಗಿ ನೇಮಿಸುವುದಿಲ್ಲವೆಂದು ಕೊನೆಗೆ ಹೇಳಿದಾಗ, 1845ರಲ್ಲಿ ದಕ್ಷಿಣದ ಸಭೆಗಳು ಬೇರೆಯಾದವು. ಇನ್ನೊಬ್ಬರನ್ನು ಒಡೆತನದಲ್ಲಿಟ್ಟವನು ಅವರ ಅಂತಃಸಾಕ್ಷಿಯನ್ನೇ ಕಟ್ಟಿಹಾಕಿರುತ್ತಾನೆ. ಹಾಗಾಗಿ ಗುಲಾಮಗಿರಿ ಈ ತತ್ವದ ಫಲವಲ್ಲ, ಅದರ ದ್ರೋಹ. ಈ ಪಂಗಡದ ಮಹಿಳೆಯರ ನೆರವಿನಿಂದ 1881ರಲ್ಲಿ ಅಟ್ಲಾಂಟದಲ್ಲಿ ಆರಂಭವಾದ ಕಪ್ಪು ಹೆಣ್ಣುಮಕ್ಕಳ ಶಾಲೆ ಇಂದಿನ ಸ್ಪೆಲ್ಮನ್ ಕಾಲೇಜು. ಮಾರ್ಟಿನ್ ಲೂಥರ್ ಕಿಂಗ್ 1951ರಲ್ಲಿ ದೇವಶಾಸ್ತ್ರದ ಪದವಿ ಪಡೆದ ಕ್ರೋಜರ್ ವಿದ್ಯಾಲಯವೂ ಇದೇ ಪಂಗಡದ್ದಾಗಿತ್ತು.

ಲಿಖಿತ ವಿಶ್ವಾಸಪ್ರಮಾಣವಿಲ್ಲದೆ ಪಂಗಡವೊಂದು ನಿಲ್ಲುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. 1922ರ ಸಮಾವೇಶದಲ್ಲಿ ಅಂಥದೊಂದನ್ನು ತರುವ ಯತ್ನಕ್ಕೆ, ಹೊಸ ಒಡಂಬಡಿಕೆಯೇ ಸಾಕೆಂಬ ಉತ್ತರ 1,264 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದವು 637. ಆ ಹೊತ್ತಿಗೆ ಪಂಗಡದ ಅಧ್ಯಕ್ಷೆಯಾಗಿದ್ದವರು ಹೆಲೆನ್ ಬ್ಯಾರೆಟ್ ಮಾಂಟ್ಗೊಮೆರಿ. ಅಮೆರಿಕದ ದೊಡ್ಡ ಪಂಗಡವೊಂದರ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಅವರು; 1924ರಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಿಂದ ತಾವೇ ಅನುವಾದಿಸಿದರು. ಮನೆಯ ಆಧಾರ ಆ ಗ್ರಂಥವೊಂದೇ ಎಂದಮೇಲೆ, ಅದನ್ನು ಮೂಲದಲ್ಲೇ ಓದಿ ಅರ್ಥ ಹೇಳಲು ಒಬ್ಬ ಹೆಂಗಸಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬೆಲೆ ತೆರಬೇಕಾಯಿತು, ನಿಜ. ಒಪ್ಪದವರು 1932ರಲ್ಲಿ ಹೋದರು, 1947ರಲ್ಲಿ ಮತ್ತಷ್ಟು ಮಂದಿ ಹೋದರು. 1845ರಲ್ಲಿ ಬೇರೆಯಾದ ದಕ್ಷಿಣದ ಶಾಖೆ ಇಂದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪ್ರಾವಿಡೆನ್ಸ್‌ನ ಆ ಮಂದಿರದಲ್ಲಿ ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅಷ್ಟು ಜಾಗ ಮಾಡಿದವರು, ಕೂರಲೇಬೇಕೆಂದು ಮಾತ್ರ ಯಾರಿಗೂ ಹೇಳಲಿಲ್ಲ.